ಮೂರೂವರೆ ವರ್ಷದಿಂದ ಮನೆಯಲ್ಲೇ ಇರುವ ಭಾವನನ್ನು ಮತ್ತೆ ಕೆಲಸಕ್ಕೆ ಹಚ್ಚೋದು ಹೇಗೆ?

ಹೆಗ್ಗನಹಳ್ಳಿ_ಹುಡುಗ · ಫೆಬ್ರವರಿ 9, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಮ್ಮ ಅಕ್ಕನ ಗಂಡನಿಗೆ ಈಗ 47. ಐಟಿಐ ಟರ್ನರ್, ಅಂದರೆ ಲೇತ್‌ನಲ್ಲಿ ಲೋಹ ಕಡೆಯೋ ಕೆಲಸ. ಪೀಣ್ಯದ ಒಂದು ಕಾರ್ಖಾನೆಯಲ್ಲಿ 19 ವರ್ಷ ದುಡಿದವರು. ಲೇತ್‌ನಿಂದ ಶುರು ಮಾಡಿ ಸಿಎನ್‌ಸಿಗೆ (ಕಂಪ್ಯೂಟರ್‌ನಿಂದ ನಡೆಯೋ ಮಷಿನ್) ಬಂದು ಕೊನೆಗೆ ಸೆಟ್ಟರ್, ಅಂದರೆ ಕೆಲಸಕ್ಕೆ ತಕ್ಕ ಹಾಗೆ ಮಷಿನ್ ಹೊಂದಿಸೋರು, ಆಗಿದ್ದರು. 2021ರಲ್ಲಿ ಕೊರೋನಾ ಎರಡನೇ ಅಲೆ ಇಳಿದ ಮೇಲೆ ಮಾಲೀಕರು ಬಾಗಿಲು ಹಾಕಿದರು. ಮೊದಲ ಒಂದು ವರ್ಷ ಭಾವ ದಿನಾ ಹುಡುಕಿದರು. ಕಾಂಟ್ರಾಕ್ಟ್ ಏಜೆನ್ಸಿಯವರು ವಯಸ್ಸು ಕೇಳಿದ ಕೂಡಲೇ ಫೋನ್ ಇಡೋರು. ಆಮೇಲೆ ಒಂದು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಸೆಕ್ಯುರಿಟಿ, ಎರಡೇ ತಿಂಗಳು. ಆಮೇಲೆ ಏನೂ ಇಲ್ಲ.

ಕುಡಿತ, ಜಗಳ ಅಂಥದ್ದೇನೂ ಇಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ. ಅಕ್ಕ ಗಾರ್ಮೆಂಟ್ಸ್‌ಗೆ ಹೋಗ್ತಾಳೆ, ಬೆಳಿಗ್ಗೆ ಎಂಟಕ್ಕೆ ಮನೆ ಬಿಡ್ತಾಳೆ. ಭಾವ ಅಡುಗೆ ಮಾಡಿ, ಮಗಳನ್ನ ಸ್ಕೂಲಿಗೆ ಬಿಟ್ಟು ಬರ್ತಾರೆ. ಮನೆಯ ಮಿಕ್ಸಿ, ಕುಕ್ಕರ್ ಹಿಡಿ, ಮೇಲಿನ ಮನೆಯವರ ಫ್ಯಾನು, ಎಲ್ಲ ಬಿಚ್ಚಿ ಸರಿ ಮಾಡಿ ಆಗಿದೆ, ಬೀದಿಯಲ್ಲಿ ರಿಪೇರಿಗೆ ಇನ್ನೇನೂ ಉಳಿದಿಲ್ಲ. ಆದರೆ ಮದುವೆ ಮುಂಜಿಗೆ ಬರಲ್ಲ. ‘ಈಗ ಎಲ್ಲಿದ್ದೀರಿ?’ ಅಂತ ಯಾರಾದರೂ ಕೇಳ್ತಾರಲ್ಲ, ಅದಕ್ಕೆ.

ಬೀರುವಿನಲ್ಲಿ ಅವರ ಸ್ವಂತ ಮೈಕ್ರೋಮೀಟರ್ (ತೀರಾ ಸಣ್ಣ ಅಳತೆ ನೋಡೋ ಸಾಧನ) ಇದೆ, ಮರದ ಡಬ್ಬಿಯಲ್ಲಿ. ತಿಂಗಳಿಗೊಮ್ಮೆ ತೆಗೆದು ಎಣ್ಣೆ ಸವರಿ ಮತ್ತೆ ಇಡ್ತಾರೆ ಅಂತ ಅಕ್ಕ ಹೇಳಿದಳು. ಅಂದರೆ ಆಸೆ ಸತ್ತಿಲ್ಲ ಅಂತ ನನ್ನ ಲೆಕ್ಕ.

ಕೆಲಸ ಕೊಡಿಸಿ ಅಂತ ಕೇಳ್ತಾ ಇಲ್ಲ. ಇಂಥ ಒಬ್ಬರಿಗೆ ಹೇಗೆ ಸಹಾಯ ಮಾಡಬೇಕು ಅಂತಲೇ ನನಗೆ ಗೊತ್ತಾಗ್ತಿಲ್ಲ. ನಾನು ಬಾಯಿ ಬಿಟ್ಟರೆ ಉಪದೇಶ ಆಗುತ್ತೆ. ಅನುಭವ ಇದ್ದವರು ಹೇಳಿ.

ಕಡಲೆಕಾಯಿ_ಪರಿಷೆ · ಫೆಬ್ರವರಿ 9, ರಾತ್ರಿ 10:58

ಯುವನಿಧಿಗೆ ಅರ್ಜಿ ಹಾಕಿಸಿ. ತಿಂಗಳಿಗೆ 3,000 ಬರುತ್ತೆ.

ಲೆಕ್ಕದಮ್ಮ · ಫೆಬ್ರವರಿ 9, ರಾತ್ರಿ 11:15

ಬರಲ್ಲ. ಯುವನಿಧಿ ಇರೋದು ಆಗಷ್ಟೇ ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಹುಡುಗ ಹುಡುಗಿಯರಿಗೆ. ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500, ಅದೂ ಹೆಚ್ಚೆಂದರೆ ಎರಡು ವರ್ಷ. 2022-23ರಲ್ಲಿ ಪಾಸಾದವರಿಂದ ಶುರುವಾದ ಯೋಜನೆ. ಇಪ್ಪತ್ತು ವರ್ಷ ದುಡಿದು ಮನೆ ಸೇರಿದವರನ್ನ ಯಾವ ಯೋಜನೆಯೂ ‘ಯುವ’ ಅನ್ನಲ್ಲ. ‘ವೃದ್ಧ’ ಅನ್ನೋಕೂ ಇನ್ನೂ ಟೈಮಿದೆ. ನಡುವೆ ಸಿಕ್ಕಿಕೊಂಡವರು.

ನಾಳೆ ನನ್ನ ಕಥೆ ಬರೀತೀನಿ, ಈಗ ಪಾತ್ರೆ ಬಿದ್ದಿವೆ.

ನೇರಮಾತು · ಫೆಬ್ರವರಿ 10, ಬೆಳಿಗ್ಗೆ 7:20

ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ಬೆಂಗಳೂರಲ್ಲಿ ಕೆಲಸ ಇಲ್ಲ ಅನ್ನೋದು ಸುಳ್ಳು. ಒಂದು ಟೂ ವೀಲರ್ ಇದ್ರೆ ಇವತ್ತೇ ಡೆಲಿವರಿಗೆ ಸೇರಬಹುದು. ಅಕ್ಕನ ಸಂಬಳದಲ್ಲಿ ಮೂರು ವರ್ಷ ಕೂತು ತಿಂದವರಿಗೆ ಸಹಾಯ ಅಲ್ಲ, ಸ್ವಲ್ಪ ಬಿಸಿ ಮುಟ್ಟಿಸಬೇಕು.

ಮೂರನೇ_ಬೆಂಚು · ಫೆಬ್ರವರಿ 10, ಬೆಳಿಗ್ಗೆ 9:05

ನೇರಮಾತು ಅವರಿಗೆ. ನಾಲ್ಕು ವರ್ಷದಿಂದ ಮನೆಯಲ್ಲಿರೋನು ನಾನೂ ಒಬ್ಬ. ವಯಸ್ಸು 41. ಬಿಸಿ ಮುಟ್ಟಿಸೋದು ಅಂದ್ರಲ್ಲ, ಅದು ದಿನಾ ಮುಟ್ತಾನೇ ಇರುತ್ತೆ ಸರ್. ಬೇರೆಯವರು ಬಂದು ಮುಟ್ಟಿಸಬೇಕಾಗಿಲ್ಲ.

ಡೆಲಿವರಿ ನಾನೂ ಮಾಡಿದ್ದೀನಿ, ಐದು ತಿಂಗಳು. ಬಿದ್ದು ಮಣಿಕಟ್ಟು ಮುರೀತು. ಗಾಡಿ ಸಾಲ ಇನ್ನೂ ಇದೆ. ಕೀಳು ಕೆಲಸ ಅಂತಲ್ಲ, ಅದು ಮುಂದಕ್ಕೆ ಎಲ್ಲಿಗೂ ಕರ್ಕೊಂಡು ಹೋಗಲ್ಲ. ಮತ್ತೆ ಸ್ಟೋರ್ಸ್ ಕೆಲಸಕ್ಕೆ ಇಂಟರ್‌ವ್ಯೂಗೆ ಹೋದಾಗ ‘ಇಷ್ಟು ದಿನ ಏನು ಮಾಡ್ತಿದ್ರಿ?’ ಅಂದ್ರು. ಡೆಲಿವರಿ ಅಂದೆ. ಆ ಮನುಷ್ಯ ಪೆನ್ ಕೆಳಗಿಟ್ಟ. ಅಷ್ಟೇ.

ಭಾವನ ವಿಷಯಕ್ಕೆ ಬಂದ್ರೆ, ಒಂದೇ ಮಾತು. ‘ಏನಾಯ್ತು, ಏನಾದ್ರೂ ಸಿಕ್ತಾ?’ ಅಂತ ಕೇಳಬೇಡಿ. ಕೇಳೋರು ಪ್ರೀತಿಯಿಂದಲೇ ಕೇಳ್ತಾರೆ. ಉತ್ತರ ಕೊಡೋನಿಗೆ ಅದು ಪ್ರತಿ ಸಲ ಫೇಲಾದ ರಿಸಲ್ಟ್ ಓದಿದ ಹಾಗೆ.

ದಾಬಸ್‌ಪೇಟೆ_ಎ_ಶಿಫ್ಟ್ · ಫೆಬ್ರವರಿ 10, ಮಧ್ಯಾಹ್ನ 1:30

ಊಟದ ಬಿಡುವಲ್ಲಿ ಬರೀತಿದ್ದೀನಿ. ನಾನು ಒಂದು ಮಷಿನ್ ಶಾಪ್‌ನಲ್ಲಿ ಪ್ರೊಡಕ್ಷನ್ ನೋಡ್ಕೋತೀನಿ. ಒಳಗಿನ ಮಾತು ಹೇಳ್ತೀನಿ.

ಗ್ಯಾಪ್ ನೋಡಿ ಹೆದರೋದು ಎಚ್‌ಆರ್‌ನವರು. ಅವರ ಕೈಲಿ ಇರೋದು ಒಂದು ಹಾಳೆ, ಅದರಲ್ಲಿ ಕಾಣೋದು ಗ್ಯಾಪ್ ಮಾತ್ರ. ಶಾಪ್‌ನಲ್ಲಿರೋ ನಮಗೆ ಬೇಕಾಗಿರೋದು ಆಫ್‌ಸೆಟ್ (ಟೂಲ್‌ನ ಅಳತೆ ತಿದ್ದುಪಡಿ) ಸರಿಯಾಗಿ ಕೊಡೋನು, ಜಾಬ್ ರಿಜೆಕ್ಟ್ ಮಾಡದೋನು, ಟೂಲ್ ಒಡೀದೋನು. ಇವತ್ತು ಆಪರೇಟರ್ ಬೇಕಾದಷ್ಟು ಸಿಗ್ತಾರೆ, ಬಟನ್ ಒತ್ತೋರು. ಸೆಟ್ಟರ್ ಸಿಗಲ್ಲ. ಹಾಗಾಗಿ ರೆಸ್ಯೂಮೆ ಕಳಿಸೋದು ಬಿಡಿ. ಯಾರಾದರೂ ಸೂಪರ್‌ವೈಸರ್ ಹಿಡಿದು ಟ್ರಯಲ್ ಕೇಳಿ. ಅರ್ಧ ದಿನ ಮಷಿನ್ ಮುಂದೆ ನಿಂತರೆ ಮೂರೂವರೆ ವರ್ಷದ ಪ್ರಶ್ನೆ ಅಲ್ಲಿಗೇ ಮುಗೀತು.

ಮಷಿನ್ ಕಂಟ್ರೋಲ್ ಫ್ಯಾನುಕ್ ಗೊತ್ತಾ, ಸೀಮೆನ್ಸಾ? ಬೋರಿಂಗ್ (ಒಳ ತೂತು ಕಡೆಯೋದು) ಮಾಡಿದ್ದಾರಾ? ಎರಡಕ್ಕೂ ಉತ್ತರ ಹಾಕಿ.

ಹೆಗ್ಗನಹಳ್ಳಿ_ಹುಡುಗ · ಫೆಬ್ರವರಿ 10, ಸಂಜೆ 6:45

ಫ್ಯಾನುಕ್ ಸರ್. ಬೋರಿಂಗ್ ಅವರ ಮುಖ್ಯ ಕೆಲಸವೇ ಆಗಿತ್ತಂತೆ. ಕೇಳಿದ್ದಕ್ಕೆ ಹತ್ತು ನಿಮಿಷ ಮಾತಾಡಿದರು, ಎಷ್ಟೋ ತಿಂಗಳ ಮೇಲೆ. ‘ಯಾಕೆ ಕೇಳ್ತೀಯ?’ ಅಂದರು. ಸುಮ್ಮನೆ ಅಂದೆ.

ಲೆಕ್ಕದಮ್ಮ · ಫೆಬ್ರವರಿ 10, ರಾತ್ರಿ 9:50

ನಿನ್ನೆ ಹೇಳಿದ್ದೆನಲ್ಲ, ಬರೆದುಬಿಡ್ತೀನಿ. ನಾನು ಬಿ.ಕಾಂ., ಅಕೌಂಟ್ಸ್. ಎರಡನೇ ಮಗು ಆದಾಗ 2014ರಲ್ಲಿ ಬಿಟ್ಟೆ. 2022ಕ್ಕೆ ವಾಪಸ್ ಹೋಗಬೇಕು ಅಂದುಕೊಂಡಾಗ ಎಂಟು ವರ್ಷ ಕಳೆದಿತ್ತು. ನಾನು ಬಿಟ್ಟಾಗ ವ್ಯಾಟ್ ಇತ್ತು. ನಾನು ಮಕ್ಕಳಿಗೆ ಡಬ್ಬಿ ಕಟ್ಟೋ ಹೊತ್ತಿಗೆ, 2017ರ ಜುಲೈ 1ಕ್ಕೆ, ಜಿಎಸ್‌ಟಿ ಬಂದು ಅಡಿಯಿಂದ ಮುಡಿವರೆಗೂ ಎಲ್ಲ ಬದಲಾಗಿತ್ತು.

ಮೊದಲು ನಾನು ಮಾಡಿದ ತಪ್ಪು ಕೋರ್ಸ್ ಮೇಲೆ ಕೋರ್ಸ್ ಮಾಡಿದ್ದು. ಟ್ಯಾಲಿ ಕೋರ್ಸು, ಜಿಎಸ್‌ಟಿ ಕೋರ್ಸು, ಎಕ್ಸೆಲ್ ಕೋರ್ಸು. ಮೂರು ಸರ್ಟಿಫಿಕೇಟ್ ಬಂತು, ಒಂದು ಫೋನೂ ಬರಲಿಲ್ಲ. ಕೋರ್ಸ್ ಮಾಡೋದರಲ್ಲಿ ಒಂದು ಸುಖ ಇದೆ, ಯಾರೂ ಬೇಡ ಅನ್ನಲ್ಲ ಅಲ್ಲಿ.

ಕೊನೆಗೆ ನಮ್ಮ ಬೀದಿಯ ಆಡಿಟರ್ ಆಫೀಸಿಗೆ ಹೋಗಿ, ‘ತಿಂಗಳಿಗೆ ಹತ್ತೇ ದಿನ ಬರ್ತೀನಿ, 11ನೇ ತಾರೀಖಿನ ಜಿಎಸ್‌ಟಿಆರ್-1 ಮತ್ತೆ 20ನೇ ತಾರೀಖಿನ 3ಬಿ ರಿಟರ್ನ್ ಸಲ್ಲಿಸೋ ರಶ್ ಇರುತ್ತಲ್ಲ, ಆಗ ಕೂರಿಸಿಕೊಳ್ಳಿ’ ಅಂದೆ. ಅವರಿಗೂ ಆ ಹತ್ತು ದಿನ ಉಸಿರಾಡೋಕೆ ಪುರುಸೊತ್ತಿರಲ್ಲ. ಎರಡನೇ ತಿಂಗಳು ಒಂದು ಹಾರ್ಡ್‌ವೇರ್ ಅಂಗಡಿಯ ಖರೀದಿ ಬಿಲ್ಲು ಎರಡು ಸಲ ಎಂಟ್ರಿ ಆಗಿದ್ದು ನನ್ನ ಕಣ್ಣಿಗೆ ಬಿತ್ತು. ಅವತ್ತು ಆಡಿಟರ್ ‘ಮೇಡಂ’ ಅಂತ ಕರೆದರು. ಅದಕ್ಕೆ ಮುಂಚೆ ‘ಅಮ್ಮ’ ಅನ್ನೋರು. ಆರನೇ ತಿಂಗಳಿಗೆ ಪೂರ್ತಿ ಕೆಲಸ.

ಒಂದು ಎಚ್ಚರಿಕೆ. ಬಿಟ್ಟಿ ದುಡೀಬೇಡಿ. ನಾನು ಮೊದಲ ತಿಂಗಳೇ ಕೇಳಿ ದುಡ್ಡು ತಗೊಂಡೆ, ಕಡಿಮೆಯೇ ಆದರೂ. ಬಿಟ್ಟಿ ಹೋದರೆ ಕೆಲಸದ ಬೆಲೆ ಅಲ್ಲೇ ನಿಂತುಬಿಡುತ್ತೆ.

ಘಟ್ಟದ_ಮೇಲೆ · ಫೆಬ್ರವರಿ 11, ಬೆಳಿಗ್ಗೆ 8:10

ನಾನು ಕುದುರೆಮುಖದಲ್ಲಿ ಬೆಳೆದವ. ಸುಪ್ರೀಂ ಕೋರ್ಟು ಹೇಳಿದ ಹಾಗೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಆಗ ನನಗೆ ಹದಿನಾಲ್ಕು. ಕಾಡಿಗೆ ಅದು ಒಳ್ಳೆಯದೇ ಆಯಿತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಕಂಪನಿಯ ಕಾಯಂ ಜನ ಕೆಲವರು ಮಂಗಳೂರಿಗೆ ಹೋದರು, ಅಲ್ಲಿ ಪಣಂಬೂರಿನಲ್ಲಿ ಪೆಲೆಟ್ ಪ್ಲಾಂಟ್ ಉಂಟಲ್ಲ. ನಮ್ಮ ಅಪ್ಪ ಕಾಂಟ್ರಾಕ್ಟಿನವರ ಕೈಕೆಳಗೆ ಡಂಪರ್ ರಿಪೇರಿ ಮಾಡುತ್ತಿದ್ದವರು. ಅವರಿಗೆ ಎಂತದೂ ಇಲ್ಲ.

ಎರಡು ವರ್ಷ ಮನೆಯಲ್ಲಿ ಕೂತರು ಮಾರಾಯ್ರೇ. ಅವರಿಗೆ ಗೊತ್ತಿದ್ದದ್ದು ಮನೆಗಿಂತ ದೊಡ್ಡ ಗಾಡಿಯ ಕೆಲಸ. ‘ಬಸ್ಸಿನ ಗ್ಯಾರೇಜಿಗೆ ಹೋಗಿ’ ಅಂತ ಅಮ್ಮ ಹೇಳಿದರೆ, ‘ಅದು ಬೇರೆ, ಇದು ಬೇರೆ’ ಎನ್ನುತ್ತಿದ್ದರು. ಬೇರೆ ಏನಲ್ಲ. ಹೈಡ್ರಾಲಿಕ್ಸ್ ಹೈಡ್ರಾಲಿಕ್ಸೇ, ಬ್ರೇಕ್ ಬ್ರೇಕೇ. ಹೊಸ ಜಾಗದಲ್ಲಿ ಚಿಕ್ಕ ಹುಡುಗರ ಎದುರು ತಪ್ಪು ಮಾಡಿಬಿಟ್ಟರೆ ಎಂಬ ಹೆದರಿಕೆ, ಅಷ್ಟೇ.

ಕಡೆಗೆ ಅವರ ಹಳೆಯ ಜೊತೆಗಾರರೊಬ್ಬರು ಬಂದು, ‘ನನಗೊಂದು ಗಾಡಿ ನೋಡಿಕೊಡಿ, ನನ್ನಿಂದ ಆಗ್ತಾ ಇಲ್ಲ’ ಎಂದು ಕರೆದುಕೊಂಡು ಹೋದರು. ಆಗುತ್ತಿರಲಿಲ್ಲ ಎಂಬುದು ಸುಳ್ಳು ಅಂತ ನನಗೆ ಈಗ ಗೊತ್ತು. ಅಪ್ಪನಿಗೂ ಆಗಲೇ ಗೊತ್ತಿತ್ತೋ ಏನೋ.

ಹುಬ್ಬಳ್ಳಿ_ಗಿರಮಿಟ್ · ಫೆಬ್ರವರಿ 11, ಬೆಳಿಗ್ಗೆ 11:30

ನಮ್ಮ ಕಾಕಾನ ಸುದ್ದಿನೂ ಇದ ಥರ ಐತ್ರಿ. ಮಿಲ್ ಕೆಲಸ ಹೋತು, ಮೂರು ವರ್ಷ ಕಟ್ಟಿ ಮ್ಯಾಲ ಕುಂತಾ. ಆಮ್ಯಾಲ ಬ್ಯಾಂಕಿನವರ ಆರ್‌ಸೆಟಿ (ಸ್ವಂತ ಉದ್ಯೋಗ ಕಲಿಸೋ ಸಂಸ್ಥೆ) ಒಳಗ ಮೋಟರ್ ರಿವೈಂಡಿಂಗ್ ಕಲಿತಾ, ಒಂದು ತಿಂಗಳು. ಊಟ, ವಸತಿ ಎಲ್ಲಾ ಅವರದ, ಒಂದು ರೂಪಾಯಿ ತಗೊಳ್ಳಂಗಿಲ್ಲ. ಇದು ಮೊದಲ ಹುಟ್ಟಿದ್ದ ನಮ್ಮ ರಾಜ್ಯದಾಗ್ರಿ, 1982ರಾಗ ಉಜಿರೆಯಾಗ ರುಡ್‌ಸೆಟಿ ಅಂತ ಶುರು ಆತು. ಧರ್ಮಸ್ಥಳದವರು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಕೂಡಿ ಮಾಡಿದ್ರು. ಅದನ್ನ ನೋಡಿ ಈಗ ದೇಶದ ತುಂಬ ಜಿಲ್ಲಾಕ್ಕೊಂದು ಮಾಡ್ಯಾರ. ವಯಸ್ಸಿನ ಮಿತಿ ಇರತೈತಿ, ಮೊದಲ ಕೇಳ್ಕೊಂಡು ಹೋಗ್ರಿ.

ಖರೇ ಹೇಳಬೇಕಂದ್ರ ಕಲಿತು ಬಂದ ಮ್ಯಾಲೂ ಮೂರು ತಿಂಗಳು ಒಂದು ಗಿರಾಕಿ ಬರಲಿಲ್ಲ. ಬಜಾರದಾಗ ಪಂಪ್‌ಸೆಟ್ ರಿಪೇರಿ ಅಂಗಡಿಯವ ‘ನನ್ನ ಬಾಜೂಕ ಕುಂದರು, ಸುಟ್ಟ ಮೋಟರ್ ಬಂದ್ರ ನಿನಗ ಕೊಡ್ತೀನಿ’ ಅಂದ ಮ್ಯಾಲ ದಾರಿ ಆತು. ತರಬೇತಿ ಬ್ಯಾಡ ಅನ್ನಂಗಿಲ್ಲ ನಾ. ತರಬೇತಿ ಅಂದ್ರ ಎತ್ತು ಇದ್ದಂಗ, ಹೊಲ ಬ್ಯಾರೇದವರದ ಇರತೈತಿ.

ಸ್ಟುಟ್‌ಗಾರ್ಟ್_ಸಾರು · ಫೆಬ್ರವರಿ 11, ರಾತ್ರಿ 11:20

ಇಲ್ಲಿ ಜರ್ಮನಿಯಲ್ಲಿ ಹೇಗೆ ಅಂತ ಹೇಳ್ತೀನಿ. ಹೊಗಳೋಕಲ್ಲ, ಹೋಲಿಕೆಗೆ.

ಇಲ್ಲಿ ಒಂದು ವರ್ಷ ದಾಟಿದರೆ ‘ದೀರ್ಘಕಾಲದ ನಿರುದ್ಯೋಗಿ’ ಅಂತಲೇ ಬೇರೆ ಪಟ್ಟಿ. 2019ರ ಜನವರಿಯಿಂದ ಒಂದು ಕಾನೂನು ಜಾರಿಯಲ್ಲಿದೆ. ಏಳು ವರ್ಷದಲ್ಲಿ ಕನಿಷ್ಠ ಆರು ವರ್ಷ ಸರ್ಕಾರಿ ನೆರವಿನ ಮೇಲೆ ಇದ್ದವರನ್ನು ಯಾರಾದರೂ ಕೆಲಸಕ್ಕೆ ತಗೊಂಡರೆ ಮೊದಲ ಎರಡು ವರ್ಷ ಕೂಲಿಯ ನೂರಕ್ಕೆ ನೂರು ಸರ್ಕಾರವೇ ಮಾಲೀಕನಿಗೆ ಕೊಡುತ್ತೆ. ಆಮೇಲೆ ವರ್ಷ ವರ್ಷ 90, 80, 70. ಒಟ್ಟು ಐದು ವರ್ಷ. ಎರಡು ವರ್ಷದಿಂದ ಕೆಲಸ ಇಲ್ಲದವರಿಗೆ ಬೇರೆ ಲೆಕ್ಕ, ಮೊದಲ ವರ್ಷ 75, ಎರಡನೇ ವರ್ಷ 50.

ದುಡ್ಡಿನ ವಿಷಯ ಎಲ್ಲರೂ ಮಾತಾಡ್ತಾರೆ. ನನಗೆ ಹಿಡಿಸಿದ್ದು ಇನ್ನೊಂದು. ಕೆಲಸಕ್ಕೆ ಸೇರಿದ ಮೇಲೂ ಜೊತೆಗೆ ಒಬ್ಬರನ್ನ ಕೊಡ್ತಾರೆ, ಕೋಚ್ ಅಂತ. ನಮ್ಮ ವೇರ್‌ಹೌಸ್‌ಗೆ ಹಾಗೆ ಒಬ್ಬರು ಬಂದರು, ಐವತ್ತು ದಾಟಿದವರು. ಮೂರನೇ ವಾರ ಎರಡು ದಿನ ಬರಲೇ ಇಲ್ಲ. ಮಾಮೂಲಿ ಆಗಿದ್ದರೆ ಅಲ್ಲಿಗೆ ಕಥೆ ಮುಗೀತಿತ್ತು. ಆ ಕೋಚ್ ಮನೆಗೆ ಹೋಗಿ ನೋಡಿದರೆ, ಬೆಳಗಿನ ಮೊದಲ ಬಸ್ಸಿನ ಟೈಮ್ ಬದಲಾಗಿತ್ತು, ತಡವಾಗಿ ಬಂದು ಬೈಸಿಕೊಳ್ಳೋದಕ್ಕಿಂತ ಬರದೇ ಇರೋದೇ ವಾಸಿ ಅಂದುಕೊಂಡಿದ್ದರಂತೆ. ಅರ್ಧ ಗಂಟೆ ಶಿಫ್ಟ್ ಆಚೆ ಈಚೆ ಮಾಡಿದರು. ಇವತ್ತಿಗೂ ಇದ್ದಾರೆ.

ಇನ್ನೊಂದು, ಆಸಕ್ತಿ ಇದ್ದವರಿಗೆ. ವಿಯೆನ್ನಾ ಪಕ್ಕ ಮರಿಯೆಂಥಾಲ್ ಅಂತ ಒಂದು ಹಳ್ಳಿ. 1930ರ ಸುಮಾರಿಗೆ ಅಲ್ಲಿನ ಬಟ್ಟೆ ಗಿರಣಿ ಮುಚ್ಚಿ ಹೆಚ್ಚುಕಡಿಮೆ ಇಡೀ ಊರೇ ಕೆಲಸ ಕಳ್ಕೊಂಡಿತು. ಮರೀ ಯಹೋಡಾ ಅನ್ನೋ ಸಮಾಜ ಸಂಶೋಧಕಿ ಮತ್ತು ಜೊತೆಯವರು ಹೋಗಿ ಊರನ್ನ ಕೂಲಂಕಷವಾಗಿ ನೋಡಿದರು. ಜನಕ್ಕೆ ಪುರುಸೊತ್ತು ಜಾಸ್ತಿ ಆಯ್ತಲ್ಲ, ಲೈಬ್ರರಿಗೆ ಹೆಚ್ಚು ಹೋಗಬೇಕಿತ್ತು. ಉಲ್ಟಾ, ಪುಸ್ತಕ ತಗೊಂಡು ಹೋಗೋದು ಅರ್ಧದಷ್ಟು ಕಡಿಮೆ ಆಯ್ತು. ಗಂಡಸರು ನಿಧಾನಕ್ಕೆ ನಡೆಯೋಕೆ ಶುರು ಮಾಡಿದರು, ದಾರಿ ಮಧ್ಯೆ ಸುಮ್ಮನೆ ನಿಲ್ಲೋರು. ಬಹುತೇಕರು ವಾಚ್ ಇಟ್ಕೊಳ್ಳೋದನ್ನೇ ಬಿಟ್ಟಿದ್ದರು. ಹೆಂಗಸರಿಗೆ ಮನೆಕೆಲಸ ಇದ್ದೇ ಇತ್ತು, ಅವರು ಗಂಡಸರಿಗಿಂತ ಬೇಗ ನಡೀತಿದ್ದರು. ಅದೇ ಊರಲ್ಲಿ 2020ರ ಅಕ್ಟೋಬರ್‌ನಲ್ಲಿ ಒಂದು ಪ್ರಯೋಗ ಶುರುವಾಯ್ತು: ವರ್ಷ ದಾಟಿ ಕೆಲಸ ಇಲ್ಲದವರು ಒಪ್ಪಿದರೆ, ಮೊದಲು ಎರಡು ತಿಂಗಳು ತಯಾರಿ, ಆಮೇಲೆ ಖಾತ್ರಿ ಕೆಲಸ.

ಹೆಗ್ಗನಹಳ್ಳಿ_ಹುಡುಗ · ಫೆಬ್ರವರಿ 12, ಬೆಳಿಗ್ಗೆ 6:50

ವಾಚ್ ವಿಷಯ ಓದಿ ರಾತ್ರಿ ನಿದ್ದೆ ಬರಲಿಲ್ಲ. ಭಾವನ ಎಚ್‌ಎಂಟಿ ವಾಚ್ ಟಿವಿ ಪಕ್ಕ ಬಿದ್ದಿರುತ್ತೆ. ಕೀ ಕೊಟ್ಟಿರಲ್ಲ. ನಾನು ಕೆಟ್ಟಿದೆ ಅಂದುಕೊಂಡಿದ್ದೆ.

ನೇರಮಾತು · ಫೆಬ್ರವರಿ 12, ಬೆಳಿಗ್ಗೆ 8:00

ಜರ್ಮನಿ ಕಥೆ ಎಲ್ಲ ಸರಿ. ಇಲ್ಲಿ ಸರ್ಕಾರ ಸಂಬಳ ಕೊಡುತ್ತೆ ಅಂದ್ರೆ ಮಾಲೀಕರು ಎರಡು ವರ್ಷ ಇಟ್ಕೊಂಡು ಮೂರನೇ ವರ್ಷ ಬೇರೆಯವರನ್ನ ತಗೋತಾರೆ. ನಮ್ಮ ಜನ ಗೊತ್ತಿಲ್ವಾ?

ಸ್ಟುಟ್‌ಗಾರ್ಟ್_ಸಾರು · ಫೆಬ್ರವರಿ 12, ಮಧ್ಯಾಹ್ನ 2:15

ಆ ಆಕ್ಷೇಪ ಇಲ್ಲೂ ಇದೆ ಸರ್, ತಳ್ಳಿಹಾಕೋ ಮಾತಲ್ಲ.

ನಿವೃತ್ತ_ಮೇಷ್ಟ್ರು · ಫೆಬ್ರವರಿ 12, ರಾತ್ರಿ 8:30

ಐಟಿಐನಲ್ಲಿ ಮೂವತ್ತು ವರ್ಷ ಟರ್ನರ್ ಟ್ರೇಡ್ ಕಲಿಸಿದವನು ನಾನು. ಮೊದಲು ಒಣ ವಿಷಯ ಮುಗಿಸುತ್ತೇನೆ, ಇದನ್ನು ಯಾರೂ ಕೇಳುವುದಿಲ್ಲ.

ಗ್ರಾಚ್ಯುಟಿ ಬಂತೇ? ಕೊನೆಯ ಮೂಲ ವೇತನ, ತುಟ್ಟಿಭತ್ಯೆಯ ಮೇಲೆ ವರ್ಷಕ್ಕೆ 15 ದಿನದ ಲೆಕ್ಕ, ತಿಂಗಳಿಗೆ 26 ದಿನ ಎಂದು ಭಾಗಿಸಬೇಕು. ಪಿಎಫ್ ಹಣ ತೆಗೆದಿದ್ದರೂ ಪಿಂಚಣಿ ಭಾಗ ಹಾಗೇ ಇರುತ್ತದೆ, ಏಕೆಂದರೆ ಹತ್ತು ವರ್ಷ ದಾಟಿದೆ. 58ಕ್ಕೆ ಪಿಂಚಣಿ. 50ಕ್ಕೇ ಬೇಕೆಂದರೆ ಕೊಡುತ್ತಾರೆ, ಆದರೆ ವರ್ಷಕ್ಕೆ ಶೇ. 4ರಂತೆ ಕಡಿತ. ಕಷ್ಟವಿದೆಯೆಂದು ಆತುರಪಡಬೇಡಿ. ಹೊಸ ಕೆಲಸ ಸಿಕ್ಕರೆ ಪಿಎಫ್‌ನ ಹಳೆಯ ಯುಎಎನ್ ನಂಬರನ್ನೇ ಕೊಡಿ, ಹೊಸದು ಮಾಡಿಸಬೇಡಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರಿಗೆ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಎಂದು 90 ದಿನದವರೆಗೆ ಭತ್ಯೆ ಇದೆ. ಸಂಬಳ 21,000 ದಾಟಿದವರು ಇಎಸ್‌ಐ ಒಳಗೇ ಬರುವುದಿಲ್ಲ, ಹಾಗಾಗಿ ಇವರಿಗೆ ಸಿಕ್ಕಿರಲಾರದು.

ಮೂರನೇ_ಬೆಂಚು ಅವರೇ, ನಿಮಗೂ ಒಂದು ಮಾತು. ಸರ್ಕಾರದ ಸರ್ವೆಯಲ್ಲಿ ಕೆಲಸ ಹುಡುಕುವುದನ್ನೇ ಬಿಟ್ಟು, ಸಿಕ್ಕರೆ ಮಾಡುತ್ತೇನೆ ಎಂದೂ ಹೇಳದವರನ್ನು ನಿರುದ್ಯೋಗಿ ಎಂದು ಎಣಿಸುವುದಿಲ್ಲ. ಶ್ರಮಿಕರ ಪಟ್ಟಿಯಿಂದಲೇ ಹೊರಗೆ. ನಮ್ಮ ಭಾವ, ನೀವು, ಯಾವ ಅಂಕಿಯಲ್ಲೂ ಇಲ್ಲದಿರಬಹುದು. ಅದಕ್ಕೇ ಯೋಜನೆಗಳಲ್ಲೂ ಇಲ್ಲವೇನೋ.

ಇನ್ನು ಕೈ ಪಳಗಿಸುವ ವಿಚಾರ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಸರ್ಕಾರಿ ಟೂಲ್ ತರಬೇತಿ ಕೇಂದ್ರ ಜಿಟಿಟಿಸಿ, ಅದೇ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆದದ್ದು, ಅಲ್ಲಿ ಕಡಿಮೆ ಅವಧಿಯ ಸಿಎನ್‌ಸಿ ಕೋರ್ಸ್‌ಗಳಿವೆ. ಆದರೆ 19 ವರ್ಷದ ಸೆಟ್ಟರ್‌ಗೆ ಕೋರ್ಸ್ ಯಾಕೆ ಎಂಬುದು ನನ್ನ ಪ್ರಶ್ನೆ. ಪೀಣ್ಯದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಶಾಪ್ ಇಟ್ಟಿದ್ದಾರೆ. ಇಲ್ಲಿ ಖಾಸಗಿ ಸಂದೇಶ ಕಳಿಸಿ.

ಹೆಗ್ಗನಹಳ್ಳಿ_ಹುಡುಗ · ಫೆಬ್ರವರಿ 22, ರಾತ್ರಿ 9:30

ಒಂದು ಸುದ್ದಿ. ಒಳ್ಳೆಯದಲ್ಲ.

ಮೇಷ್ಟ್ರು ಹೇಳಿ ಒಂದು ಶಾಪ್‌ನಲ್ಲಿ ಟ್ರಯಲ್ ಸಿಕ್ಕಿತ್ತು. ಮೂರು ದಿನ ಭಾವ ತಯಾರಾದರು, ಶರ್ಟ್ ಇಸ್ತ್ರಿ ಹಾಕಿಸಿದರು. ಗುರುವಾರ ಬೆಳಿಗ್ಗೆ ಹೋದವರು ಹತ್ತೂವರೆಗೆ ಮನೆಗೆ ವಾಪಸ್. ‘ಹೊಟ್ಟೆ ಸರಿ ಇಲ್ಲ’ ಅಂದರು. ಫೋನ್ ಮಾಡಿದರೆ ಶಾಪಿನವರು, ‘ಗೇಟಲ್ಲಿ ನಿಂತಿದ್ದರು, ಡ್ರಾಯಿಂಗ್ ಕೊಟ್ಟೆವು, ನೋಡಿದರು, ಬರ್ತೀನಿ ಅಂತ ಹೊರಟುಹೋದರು’ ಅಂದರು.

ನನಗೆ ಸಿಟ್ಟು ಬಂತು, ಸುಳ್ಳು ಹೇಳಲ್ಲ. ನೇರಮಾತು ಅವರು ಹೇಳಿದ್ದೇ ಸರಿ ಅಂತಲೂ ಅನ್ನಿಸಿತು.

ಮೂರನೇ_ಬೆಂಚು · ಫೆಬ್ರವರಿ 22, ರಾತ್ರಿ 9:52

ಸಿಟ್ಟನ್ನ ಅವರ ಮುಂದೆ ತೋರಿಸಿಲ್ಲ ತಾನೇ? ಡ್ರಾಯಿಂಗ್ ನೋಡಿದ ಮೇಲೆ ಹೊರಟರು ಅಂದ್ರೆ ಡ್ರಾಯಿಂಗ್‌ನಲ್ಲೇ ಏನೋ ಇದೆ. ಹೆದರಿ ಓಡೋನು ಗೇಟ್‌ವರೆಗೂ ಬರಲ್ಲ. ನಾನಾಗಿದ್ರೆ ಬಸ್ ಸ್ಟಾಪಿಂದಲೇ ವಾಪಸ್.

ದಾಬಸ್‌ಪೇಟೆ_ಎ_ಶಿಫ್ಟ್ · ಫೆಬ್ರವರಿ 23, ಬೆಳಿಗ್ಗೆ 10:00

47 ಅಂದ್ರಿ. ಕನ್ನಡಕ ಇದೆಯಾ?

ಹೆಗ್ಗನಹಳ್ಳಿ_ಹುಡುಗ · ಫೆಬ್ರವರಿ 23, ಸಂಜೆ 7:15

ಸರ್, ನಿಮಗೆ ಏನು ಹೇಳಲಿ.

ಅಕ್ಕನಿಗೆ ಕೇಳಿದೆ. ‘ಪೇಪರ್ ದೂರ ಹಿಡಿದು ಓದ್ತಾರೆ, ಈಗೀಗ ಓದೋದೇ ಬಿಟ್ಟಿದ್ದಾರೆ’ ಅಂದಳು. ಕೆಲಸ ಹೋದಾಗ 43, ಆಗ ಕಣ್ಣು ಸರಿ ಇತ್ತು. ಮನೆಯಲ್ಲಿ ಕೂತಿದ್ದಾಗ ಚಾಳೀಸು ಬಂದಿದೆ, ಯಾರಿಗೂ ಹೇಳಿಲ್ಲ. ಡ್ರಾಯಿಂಗಿನ ಟಾಲರೆನ್ಸ್ ಅಂಕಿ ಕಾಣಲಿಲ್ಲ, ಮೈಕ್ರೋಮೀಟರಿನ ಗೆರೆ ಹೇಗೆ ಕಾಣುತ್ತೆ? ಕನ್ನಡಕಕ್ಕೆ ಅಕ್ಕನ ಹತ್ತಿರ ದುಡ್ಡು ಕೇಳೋಕೆ ಆಗದೆ ಸುಮ್ಮನಿದ್ದರು.

ಇವತ್ತು ನನ್ನ ಕಣ್ಣು ತೋರಿಸಬೇಕು, ಜೊತೆಗೆ ಬನ್ನಿ ಅಂತ ಕರ್ಕೊಂಡು ಹೋದೆ. ಇಬ್ಬರದೂ ಟೆಸ್ಟ್ ಆಯ್ತು. ಘಟ್ಟದ_ಮೇಲೆ ಅವರೇ, ನಿಮ್ಮ ತಂದೆಯ ಗೆಳೆಯರ ಉಪಾಯವನ್ನೇ ಕದ್ದೆ.

ಲೆಕ್ಕದಮ್ಮ · ಫೆಬ್ರವರಿ 23, ರಾತ್ರಿ 8:40

ಮೂರೂವರೆ ವರ್ಷ ಎಲ್ಲರೂ ಅವರ ಮನಸ್ಸು ಸರಿ ಮಾಡೋಕೆ ನೋಡಿದ್ದಾರೆ. ಒಬ್ಬರೂ ಕಣ್ಣು ನೋಡಿಲ್ಲ.

ಹೆಗ್ಗನಹಳ್ಳಿ_ಹುಡುಗ · ಮಾರ್ಚ್ 8, ರಾತ್ರಿ 10:05

ಎರಡನೇ ಟ್ರಯಲ್ ಆಯ್ತು. ಬೇರೆ ಶಾಪ್, ಮೇಷ್ಟ್ರ ಇನ್ನೊಬ್ಬ ಶಿಷ್ಯರದು, ಅಂದ್ರಹಳ್ಳಿ ರಸ್ತೆಯಲ್ಲಿ. ಮೇಷ್ಟ್ರು ತಾವೇ ಬಂದು ಗೇಟಿನ ಒಳಗಡೆವರೆಗೂ ಹೋದರು. ನಾನು ಟೀ ಅಂಗಡಿಯಲ್ಲಿ ಕೂತಿದ್ದೆ. ಒಳಗೆ ಆಗಿದ್ದನ್ನ ಮೇಷ್ಟ್ರು ಹೇಳಿದ ಹಾಗೆ ಬರೀತೀನಿ.

ಮಾಡಬೇಕಿದ್ದದ್ದು ಸ್ಟೆಪ್ ಬುಷ್ ಅನ್ನೋ ಪೀಸ್, ಬೋರ್ (ಒಳ ತೂತು) 25 ಮಿ.ಮೀ., ಎಚ್7. ಅಂದರೆ ಮೇಲಕ್ಕೆ 21 ಮೈಕ್ರಾನ್ ಒಳಗೆ, ಕೆಳಗೆ ಸೊನ್ನೆ. ಭಾವ ಮಷಿನ್ ಮುಂದೆ ಎರಡು ನಿಮಿಷ ಸುಮ್ಮನೆ ನಿಂತರಂತೆ. ಆಮೇಲೆ ಪೀಸ್ ಹಿಡಿಯೋ ಚಕ್ ಜಾ ಒರೆಸಿದರು. ರ‍್ಯಾಪಿಡ್ ವೇಗ ಶೇ. 25ಕ್ಕೆ ಇಳಿಸಿ, ಸಿಂಗಲ್ ಬ್ಲಾಕ್ ಹಾಕಿ, ಒಂದೊಂದೇ ಲೈನ್ ಬಿಟ್ಟರು. ಅಲ್ಲಿದ್ದ ಹುಡುಗ ‘ಅಂಕಲ್, ಪ್ರೋಗ್ರಾಂ ಪ್ರೂವ್ ಆಗಿದೆ, ಆಟೋಗೆ ಹಾಕಿ’ ಅಂದನಂತೆ. ‘ಪ್ರೋಗ್ರಾಂ ಪ್ರೂವ್ ಆಗಿದೆ, ನಾನು ಆಗಿಲ್ವಲ್ಲಪ್ಪ’ ಅಂದರಂತೆ. ಬೋರ್‌ನಲ್ಲಿ 0.3 ಮಿ.ಮೀ. ಬಿಟ್ಟು ಒಂದು ಕಟ್ ತಗೊಂಡು ಅಳೆದು, ಆಫ್‌ಸೆಟ್ ಸರಿಮಾಡಿ ಫಿನಿಶ್ ಮಾಡಿದರು. ತೂತು ಅಳೆಯೋ ಬೋರ್ ಗೇಜ್ ಸೆಟ್ ಮಾಡೋಕೆ ಜೇಬಿಂದ ತಮ್ಮ ಮೈಕ್ರೋಮೀಟರೇ ತೆಗೆದರು. ಬಂದದ್ದು 25.011, ಮಿತಿಯ ಒಳಗೇ.

ಮಷಿನ್ ಹತ್ತಿರ ತೊಂದರೆ ಆಗಲೇ ಇಲ್ಲ. ತೊಂದರೆ ಆಗಿದ್ದು ಟ್ಯಾಬ್ಲೆಟ್‌ನಲ್ಲಿ. ಈಗ ಗಂಟೆಗೊಮ್ಮೆ ಎಷ್ಟು ಪೀಸ್ ಆಯ್ತು, ಎಷ್ಟು ರಿಜೆಕ್ಟು, ಮಷಿನ್ ಎಷ್ಟು ಹೊತ್ತು ನಿಂತಿತ್ತು, ಎಲ್ಲ ಅದರಲ್ಲಿ ತುಂಬಬೇಕಂತೆ. ಅಲ್ಲಿ ಬೆವರು ಹರೀತು. ‘ಅಂಕಲ್’ ಅಂದ ಹುಡುಗನೇ ತೋರಿಸಿಕೊಟ್ಟನಂತೆ.

ಸೋಮವಾರದಿಂದ ಬನ್ನಿ ಅಂದಿದ್ದಾರೆ. ತಿಂಗಳಿಗೆ 19,000, ಮೂರು ತಿಂಗಳಾದ ಮೇಲೆ ನೋಡೋಣ ಅಂತ. ಹಿಂದೆ 28,000 ಬರ್ತಿತ್ತು. ಒಪ್ಪಿಕೋಬೇಕಾ ಬೇಡ್ವಾ ಅಂತ ಮನೆಯಲ್ಲಿ ಚರ್ಚೆ ನಡೀತಿದೆ.

ದಾಬಸ್‌ಪೇಟೆ_ಎ_ಶಿಫ್ಟ್ · ಮಾರ್ಚ್ 8, ರಾತ್ರಿ 10:40

ಒಪ್ಕೊಳ್ಳಿ, ಆದರೆ ‘ಮೂರು ತಿಂಗಳ ಮೇಲೆ ನೋಡೋಣ’ ಅನ್ನೋದನ್ನ ಬಾಯಿ ಮಾತಲ್ಲಿ ಬಿಡಬೇಡಿ. ಒಂದು ಮೇಲ್‌ನಲ್ಲೋ ವಾಟ್ಸಾಪಿನಲ್ಲೋ ಬರೆಸಿಕೊಳ್ಳಿ. ಸೆಟ್ಟರ್‌ಗೆ ಅದು ಕಡಿಮೆ ಸಂಬಳ, ನಾನು ಮಾಲೀಕರ ಪರ ಮಾತಾಡಲ್ಲ. ಗ್ಯಾಪ್ ಇದ್ದವರ ಹತ್ತಿರ ಚೌಕಾಸಿ ಮಾಡೋದು ನಮ್ಮ ಕಡೆಯವರ ಕೆಟ್ಟ ಚಾಳಿ.

ನಿವೃತ್ತ_ಮೇಷ್ಟ್ರು · ಮಾರ್ಚ್ 9, ಬೆಳಿಗ್ಗೆ 6:30

ಅದನ್ನು ನಾನು ನೋಡಿಕೊಳ್ಳುತ್ತೇನೆ. ಆ ಶಾಪಿನ ಮಾಲೀಕ ಸೆಕೆಂಡ್ ಇಯರ್ ಪ್ರಾಕ್ಟಿಕಲ್‌ನಲ್ಲಿ ಥ್ರೆಡ್ ಕೆಡಿಸಿದ್ದು ನನಗಿನ್ನೂ ನೆನಪಿದೆ. ಅಂದಹಾಗೆ 21,000ದ ಒಳಗೆ ಬಂದದ್ದರಿಂದ ಈಗ ಇಎಸ್‌ಐ ಸಿಗುತ್ತದೆ. ಮಗಳ ಆಸ್ಪತ್ರೆ ಖರ್ಚಿಗೂ ದಾರಿ ಆಯಿತು. ಹಿಂದೆ ಯಾವಾಗಲಾದರೂ ಇಎಸ್‌ಐ ನಂಬರ್ ಆಗಿದ್ದರೆ ಅದನ್ನೇ ಕೊಡಲಿ.

ನೇರಮಾತು · ಮಾರ್ಚ್ 9, ಬೆಳಿಗ್ಗೆ 9:10

ಶುಭವಾಗಲಿ. ಕನ್ನಡಕದ ವಿಷಯ ನನಗೆ ಹೊಳೆದಿರಲಿಲ್ಲ.

ಮೂರನೇ_ಬೆಂಚು · ಮಾರ್ಚ್ 9, ಮಧ್ಯಾಹ್ನ 12:20

ತುಂಬ ಖುಷಿ ಆಯ್ತು. ಒಂದು ವಿಷಯ ಕೇಳಬೇಕು ಅನ್ನಿಸ್ತಿದೆ, ತಪ್ಪು ತಿಳೀಬೇಡಿ. ಆ ಶಾಪ್‌ನಲ್ಲಿ ಸ್ಟೋರ್ಸ್ ಯಾರು ನೋಡ್ಕೋತಾರೆ? ನಾನು ಏಳು ವರ್ಷ ಸ್ಟೋರ್ಸಲ್ಲಿದ್ದೆ. ಇನ್ಸರ್ಟ್ (ಟೂಲ್‌ನ ಕತ್ತರಿಸೋ ತುದಿ), ಟೂಲ್ ಹೋಲ್ಡರ್, ಬಿನ್ ಕಾರ್ಡ್ ಎಲ್ಲ ಗೊತ್ತು. ಮಣಿಕಟ್ಟು ಈಗ ಸರಿ ಇದೆ.

ಹೆಗ್ಗನಹಳ್ಳಿ_ಹುಡುಗ · ಮಾರ್ಚ್ 9, ಮಧ್ಯಾಹ್ನ 12:45

ಭಾವನಿಗೆ ಕೇಳಿದೆ. ‘ಮೊನ್ನೆ ಇನ್ಸರ್ಟ್ ಹುಡುಕೋಕೆ ಆ ಹುಡುಗ ಇಪ್ಪತ್ತು ನಿಮಿಷ ತಗೊಂಡ, ಅಲ್ಲಿ ಸ್ಟೋರ್ಸ್ ಅನ್ನೋದೇ ಇಲ್ಲ, ಎಲ್ಲ ರಟ್ಟಿನ ಡಬ್ಬಿಯಲ್ಲಿ ಬಿದ್ದಿದೆ’ ಅಂದರು. ಇನ್ನೊಂದು ವಾರ ತಾವು ನೆಲೆಯೂರಲಿ, ಆಮೇಲೆ ಕೇಳ್ತಾರಂತೆ.

ಅಷ್ಟರಲ್ಲಿ ಒಂದು ದಿನ ಸಂಜೆ ಹೆಗ್ಗನಹಳ್ಳಿ ಕ್ರಾಸ್ ಕಡೆ ಬನ್ನಿ. ಭಾವ ಆರೂಕಾಲಿಗೆ ಬಸ್ಸಿಳಿಯೋದು. ಟೀ ಕುಡಿಯೋಣ.

ಮೂರನೇ_ಬೆಂಚು · ಮಾರ್ಚ್ 9, ಮಧ್ಯಾಹ್ನ 1:02

ಬುಧವಾರ ಬರ್ತೀನಿ. ಆರಕ್ಕೇ ಇರ್ತೀನಿ.